ಮಾರಿಯೋ ಮೇಲೋ ಸೋನಿಕ್ ಮೇಲೋ: ಅಪ್ಪ-ಮಗನ ಜಗಳಕ್ಕೊಂದು ಪಂಚಾಯ್ತಿ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಕುಂದಾಪುರದ ಹತ್ತಿರ ಅಂಗಡಿ ಇಟ್ಟುಕೊಂಡಿದ್ದೇನೆ. ಚಿಕ್ಕವನಿದ್ದಾಗ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್‌ನಲ್ಲಿ ಮಾರಿಯೋ ಆಡಿದವನು. ಈಗ ದುಬೈಯಲ್ಲಿರುವ ಭಾವ ನನ್ನ ಮಗನಿಗೆ ನಿಂಟೆಂಡೋ ಸ್ವಿಚ್ ಅನ್ನುವ ಗೇಮ್ ಯಂತ್ರ ತಂದುಕೊಟ್ಟಿದ್ದಾರೆ. ಮಗನಿಗೆ 11 ವರ್ಷ. ಅವನು ಜೋರಾಗಿ ಓಡುವ ನೀಲಿ ಗೊಂಬೆ ಸೋನಿಕ್ ಪಕ್ಷ, ನಾನು ಮೀಸೆಯ ಮಾರಿಯೋ ಪಕ್ಷ. ‘ಅಪ್ಪ, ನಿಮ್ಮ ಹಳೇ ಗೇಮ್ ಬರೀ ಚೌಕ ಚೌಕ’ ಅಂತಾನೆ. ‘ಈಗಿನದ್ದು ಬರೀ ಬಣ್ಣ’ ಅಂತ ನಾನು. ನಿಜವಾಗಿ ಯಾರು ಮೇಲು? ಹೊಸ ಗೇಮ್‌ಗಳು ಸುಧಾರಿಸಿವೆಯಾ? ಇನ್ನೊಂದು ವಿಷಯ. ಅದೇ ಹಳೇ ಮಾರಿಯೋವನ್ನು ಮಗ ಸ್ವಿಚ್‌ನಲ್ಲಿ ಹಾಕಿಕೊಟ್ಟ. ನನ್ನ ಕೈಲಿ ಆಗಲೇ ಇಲ್ಲ. ಹೊಂಡಕ್ಕೆ ಬಿದ್ದು ಬಿದ್ದು ಸತ್ತೆ. ಮಗ ನಕ್ಕಿದ್ದೇ ನಕ್ಕಿದ್ದು. ವಯಸ್ಸಾಯ್ತಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಯಾಕಂದ್ರೆ ಅದು ಎರಡು ನಿಮಿಷದ ರಿಪೇರಿ. ವಯಸ್ಸನ್ನು ಆಮೇಲೆ ಬೈಯೋಣ, ಮೊದಲು ನಿಮ್ಮ ಟಿವಿಯ ಸೆಟ್ಟಿಂಗ್ ನೋಡಿ.

ನೀವು ಚಿಕ್ಕವರಿದ್ದಾಗ ಆಡಿದ್ದು ಹಿಂದುಗಡೆ ಉಬ್ಬಿದ, ಪಿಕ್ಚರ್ ಟ್ಯೂಬ್ ಇರುವ ಟಿವಿಯಲ್ಲಿ. ಅದಕ್ಕೆ ಯೋಚನೆ ಮಾಡುವ ಅಭ್ಯಾಸವೇ ಇರಲಿಲ್ಲ. ವೈರಿನಲ್ಲಿ ಬಂದದ್ದನ್ನು ಬಂದ ಹಾಗೇ ತೆರೆ ಮೇಲೆ ಬರೆಯುತ್ತಿತ್ತು. ಈಗಿನ ಚಪ್ಪಟೆ ಟಿವಿ ಹಾಗಲ್ಲ. ಬಂದ ಚಿತ್ರವನ್ನು ಹಿಡಿದಿಟ್ಟುಕೊಂಡು, ಬಣ್ಣ ತಿದ್ದಿ, ಅಂಚು ನುಣುಪು ಮಾಡಿ ಆಮೇಲೆ ತೋರಿಸುತ್ತದೆ. ಧಾರಾವಾಹಿ ನೋಡುವಾಗ ಇದು ಗೊತ್ತೇ ಆಗುವುದಿಲ್ಲ. ಗೇಮ್ ಆಡುವಾಗ ಪ್ರಾಣ ತೆಗೆಯುತ್ತದೆ. ಕೆಲವು ಟಿವಿಗಳಲ್ಲಿ ಈ ತಡ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೂ ಹೋಗುತ್ತದೆ. ಕೇಳಲು ಸಣ್ಣದು, ಅಲ್ವಾ? ಲೆಕ್ಕ ಹಾಕಿ ನೋಡಿ. ಆ ಹಳೇ ಗೇಮ್‌ನಲ್ಲಿ ಸೆಕೆಂಡಿಗೆ 60 ಚಿತ್ರ. ಜೋರಾಗಿ ಓಡುವ ಮಾರಿಯೋ ಒಂದೊಂದು ಚಿತ್ರಕ್ಕೆ ತೆರೆಯ ಎರಡೂವರೆ ಚುಕ್ಕಿ (ಪಿಕ್ಸೆಲ್) ಮುಂದೆ ಹೋಗುತ್ತಾನೆ. ಸೆಕೆಂಡಿನ ಹತ್ತನೇ ಒಂದು ಭಾಗ ಅಂದರೆ ಆರು ಚಿತ್ರ, ಅಷ್ಟು ತಡವಾದರೆ 15 ಚುಕ್ಕಿ. ಒಂದು ಇಟ್ಟಿಗೆಯ ಅಗಲವೇ 16 ಚುಕ್ಕಿ. ಅಂದರೆ ಹೊಂಡದ ಅಂಚು ಇನ್ನೂ ಒಂದು ಇಟ್ಟಿಗೆ ದೂರ ಇದೆ ಅಂತ ನಿಮ್ಮ ಕಣ್ಣು ಹೇಳುವಾಗ ಮಾರಿಯೋ ಅಂಚಿನ ಮೇಲೆ ನಿಂತಿರುತ್ತಾನೆ. ಬೀಳದೆ ಇನ್ನೇನು ಮಾಡ್ತಾನೆ?

ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಅಂತ ಇರುತ್ತದೆ. ಅದನ್ನು ಆನ್ ಮಾಡಿ. ತಿದ್ದುವ ಕೆಲಸವನ್ನೆಲ್ಲ ಟಿವಿ ಬದಿಗಿಡುತ್ತದೆ. ಇಲ್ಲವಾದರೆ ಸ್ವಿಚ್ ಅನ್ನು ಕೈಯಲ್ಲೇ ಹಿಡಿದು ಅದರ ಸ್ವಂತ ತೆರೆಯಲ್ಲಿ ಆಡಿ. ಆಮೇಲೂ ಬಿದ್ದರೆ, ಸರಿ, ಆಗ ವಯಸ್ಸು.

ಈಗ ಜಗಳಕ್ಕೆ ಬರೋಣ. ನಾನು ಕೆಲವು ವರ್ಷ ಗೇಮ್‌ಗಳಿಗೆ ಲೆವೆಲ್ ಕಟ್ಟುವ ಕೆಲಸ ಮಾಡಿದವಳು. ಅಂದರೆ ಎಲ್ಲಿ ಹೊಂಡ ಇರಬೇಕು, ಎಲ್ಲಿ ನಾಣ್ಯ ಇಡಬೇಕು ಅಂತ ಇಡೀ ದಿನ ತಲೆ ಕೆಡಿಸಿಕೊಳ್ಳುವ ಕೆಲಸ. ಈ ‘ಯಾರು ಮೇಲು’ ಜಗಳವನ್ನು ಆಫೀಸಿನ ಊಟದ ಟೇಬಲ್ಲಿನಲ್ಲೂ ಸಾಕಷ್ಟು ಕೇಳಿದ್ದೇನೆ. ಎಲ್ಲರೂ ಮುಖ ನೋಡಿ ಜಗಳ ಆಡುತ್ತಾರೆ. ಸೋನಿಕ್ ಸ್ಟೈಲು, ಮಾರಿಯೋ ಅಂಕಲ್ಲು, ಹೀಗೆ. ನನಗೆ ಮ್ಯಾಸ್ಕಾಟ್ (ಕಂಪನಿಯ ಗುರುತಿನ ಗೊಂಬೆ) ಅಂದರೆ ಒಂದು ಬಟನ್‌ಗೆ ಬರೆದ ಮುಖ, ಅಷ್ಟೇ. ಆ ಬಟನ್ ಒತ್ತಿದಾಗ ಏನಾಗುತ್ತದೆ ಅನ್ನುವುದು ಮೊದಲು, ಮೀಸೆ, ಶೂ ಎಲ್ಲ ಆಮೇಲೆ.

ಅದಕ್ಕೆ ನನ್ನದೊಂದು ಪರೀಕ್ಷೆ ಇದೆ. ಆ ಗೊಂಬೆಯನ್ನು ಏನೂ ಇಲ್ಲದ ಬಯಲಿನಲ್ಲಿ ಬಿಡಿ. ಶತ್ರು ಬೇಡ, ನಾಣ್ಯ ಬೇಡ. ಎರಡು ನಿಮಿಷ ಸುಮ್ನೆ ಆಡಿಸಿ. ಮಜಾ ಬರುತ್ತದಾ?

ಮಾರಿಯೋ ಈ ಪರೀಕ್ಷೆ ಪಾಸು ಮಾಡುತ್ತಾನೆ. ಅದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ಹೇಳಬೇಕು.

1981ರಲ್ಲಿ ಡಾಂಕಿ ಕಾಂಗ್ ಅನ್ನುವ ಗೇಮ್ ಬಂತು. ಕಾಸು ಹಾಕಿ ಆಡುವ ದೊಡ್ಡ ಪೆಟ್ಟಿಗೆಯದ್ದು. ನಿಂಟೆಂಡೋ ಕಂಪನಿಯ ಶಿಗೆರು ಮಿಯಾಮೋಟೋ ಮಾಡಿದ್ದು. ಅದರಲ್ಲಿ ಮಾರಿಯೋಗೆ ಆಗಿದ್ದ ಹೆಸರು ಜಂಪ್‌ಮ್ಯಾನ್. ಅವನ ರೂಪ ಹುಟ್ಟಿದ್ದೇ ಬಡತನದಿಂದ. ಮುಖಕ್ಕೆ ಸಿಕ್ಕಿದ್ದು ಬೆರಳೆಣಿಕೆಯ ಚುಕ್ಕಿಗಳು. ಬಾಯಿ ಬರೆಯಲು ಜಾಗ ಇರಲಿಲ್ಲ, ಮೂಗಿನ ಕೆಳಗೆ ಮೀಸೆ ಬಂತು. ಕೂದಲು ಬರೆಯುವುದು ಕಷ್ಟ, ಟೋಪಿ ಬಂತು. ಕೈ ಆಡುವುದು ಮೈಗಿಂತ ಬೇರೆಯಾಗಿ ಕಾಣಬೇಕು, ಅದಕ್ಕೆ ಹೆಗಲ ಪಟ್ಟಿಯ ಪ್ಯಾಂಟು ಬಂತು. ಆ ಗೇಮ್‌ನಲ್ಲಿ ಒಮ್ಮೆ ಜಿಗಿದರೆ ಮುಗಿಯಿತು. ಗಾಳಿಯಲ್ಲಿ ಆಚೀಚೆ ಆಗುವ ಹಾಗಿಲ್ಲ. ಎಸೆದ ಕಲ್ಲಿನ ಹಾಗೆ.

1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಬದಲಾಗಿದ್ದು ಇದೇ. ಬಟನ್ ಸ್ವಲ್ಪ ಒತ್ತಿದರೆ ಸಣ್ಣ ಜಿಗಿತ, ಹಿಡಿದೇ ಇದ್ದರೆ ದೊಡ್ಡ ಜಿಗಿತ. ಓಡಿ ಬಂದು ಹಾರಿದರೆ ಇನ್ನೂ ಎತ್ತರ. ಗಾಳಿಯಲ್ಲಿದ್ದಾಗಲೂ ಮನಸ್ಸು ಬದಲಿಸಿ ಸ್ವಲ್ಪ ಹಿಂದೆ ಎಳೆದುಕೊಳ್ಳಬಹುದು. ಜಿಗಿತ ಅನ್ನುವುದು ಒಂದು ಒತ್ತುವಿಕೆಯಾಗಿದ್ದದ್ದು ಒಂದು ಮಾತುಕತೆ ಆಯಿತು. ಬೆರಳು ಹೇಳುತ್ತದೆ, ಮಾರಿಯೋ ಕೇಳುತ್ತಾನೆ, ಬೆರಳು ಮತ್ತೆ ಹೇಳುತ್ತದೆ.

ಆ ಇಡೀ ಗೇಮ್ 40 ಕಿಲೋಬೈಟ್. ಮನೆಯ ವಾಟ್ಸಾಪ್ ಗ್ರೂಪಿಗೆ ಬೆಳಿಗ್ಗೆ ಬೀಳುವ ಒಂದು ‘ಶುಭೋದಯ’ ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ 32 ಲೆವೆಲ್. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದರು. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಇವತ್ತು ಸಂಜೆ ನಿಮ್ಮ ಮಗನಿಗೆ ತೋರಿಸಿ.

ಮೊದಲ ಲೆವೆಲ್ಲನ್ನು ನಾನು ಹೊಸಬರಿಗೆ ಪಾಠ ಮಾಡುವಾಗ ಈಗಲೂ ತೋರಿಸುತ್ತೇನೆ. ಶುರುವಿನಲ್ಲಿ ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ. ಏನೂ ಹೇಳದೆಯೇ ಬಲಕ್ಕೆ ಹೋಗಬೇಕು ಅಂತ ಗೊತ್ತಾಗುತ್ತದೆ. ಗೂಂಬಾ ಅನ್ನುವ ಕಂದು ಬಣ್ಣದ ಶತ್ರು ಎದುರಿಗೆ ಬರುತ್ತದೆ. ಮುಟ್ಟಿದರೆ ಸಾವು, ಹಾರಿದರೆ ಬದುಕು. ಆಮೇಲೆ ಪೆಟ್ಟಿಗೆಗೆ ಗುದ್ದಿದರೆ ಮಶ್ರೂಮ್ ಹೊರಬರುತ್ತದೆ. ಆಗಷ್ಟೇ ಒಂದು ಗೂಂಬಾ ನೋಡಿ ಹೆದರಿದವರಿಗೆ ಇದೂ ಶತ್ರು ಅನ್ನಿಸಬಹುದು. ಅದಕ್ಕೇ ಆ ಮಶ್ರೂಮ್ ಬಲಕ್ಕೆ ಉರುಳಿ, ಪೈಪಿಗೆ ತಾಗಿ, ವಾಪಸ್ ನಿಮ್ಮ ಕಡೆಗೇ ಬರುತ್ತದೆ. ತಪ್ಪಿಸಿಕೊಳ್ಳುವುದು ಕಷ್ಟ. ತಾಗುತ್ತದೆ, ಮಾರಿಯೋ ದೊಡ್ಡವನಾಗುತ್ತಾನೆ, ಪಾಠ ಮುಗಿಯಿತು. ಇನ್ನೂ ಮುಂದೆ ಎರಡು ಮೆಟ್ಟಿಲುಗಳ ನಡುವೆ ಹಾರುವ ಜಾಗ ಬರುತ್ತದೆ. ಅಲ್ಲಿ ಕೆಳಗೆ ನೆಲ ಇದೆ, ಬಿದ್ದರೂ ಸಾಯುವುದಿಲ್ಲ. ಅದರ ಬೆನ್ನಿಗೇ ಅಂಥದ್ದೇ ಇನ್ನೊಂದು, ಈ ಸಲ ಕೆಳಗೆ ಹೊಂಡ. ಈಜು ಕಲಿಸುವವರು ಮೊದಲು ಸೊಂಟದ ಮಟ್ಟದ ನೀರಿಗೆ ಇಳಿಸುತ್ತಾರಲ್ಲ, ಹಾಗೆ. ಒಂದು ಅಕ್ಷರ ಓದಲು ಬಾರದ ಮಗುವಿಗೂ ಅರ್ಥವಾಗುತ್ತದೆ.

ಹಳೆಯದನ್ನು ಇಷ್ಟು ಹೊಗಳಿದ್ದೇನೆ ಅಂತ ನೀವು ಮಗನ ಮುಂದೆ ಮೀಸೆ ತಿರುವಬೇಡಿ. ಆ ಗೇಮ್‌ನಲ್ಲಿ ಸೇವ್ ಇರಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ಬೇಸಿಗೆ ರಜೆಯಲ್ಲಿ ನಾನು ಮತ್ತು ಅಣ್ಣ ಕೊನೆಯ ಘಟ್ಟವಾದ ಎಂಟನೇ ವರ್ಲ್ಡ್ ತನಕ ಹೋಗಿದ್ದೆವು. ಊಟಕ್ಕೂ ಏಳದೆ. ಕರೆಂಟು ಹೋಯಿತು. ಬಂದಾಗ ಮತ್ತೆ ಒಂದನೇ ವರ್ಲ್ಡ್, ಅದೇ ಗೂಂಬಾ. ಅಣ್ಣ ಆ ರಜೆಯಲ್ಲಿ ಮತ್ತೆ ರಿಮೋಟ್ ಮುಟ್ಟಲಿಲ್ಲ. ಇದನ್ನು ‘ಹಳೇ ಕಾಲದ ಸವಾಲು’ ಅಂತ ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

1996ರಲ್ಲಿ ಸೂಪರ್ ಮಾರಿಯೋ 64 ಬಂತು. ಎಡ ಬಲ ಮಾತ್ರ ಇದ್ದ ಲೋಕಕ್ಕೆ ಆಳ ಬಂತು. ಆಗ ತುಂಬಾ ಗೊಂಬೆಗಳು ಸತ್ತವು, ಮಾರಿಯೋ ಬದುಕಿದ. ಲೆವೆಲ್‌ಗಳು ತಯಾರಾಗುವ ಮೊದಲೇ ತಂಡದವರು ಮಾರಿಯೋವನ್ನು ಓಡಿಸಿ, ಒಂದು ಮೊಲವನ್ನು ಅಟ್ಟಿಸಿಕೊಂಡು ಹೋಗಿ, ಆ ಓಟ ಜಿಗಿತಗಳನ್ನೇ ತಿದ್ದುತ್ತಾ ಕೂತಿದ್ದರು. ಆ ಗೇಮ್ ಶುರುವಾಗುವುದೇ ಕೋಟೆಯ ಹೊರಗಿನ ಅಂಗಳದಲ್ಲಿ. ಅಲ್ಲಿ ಒಬ್ಬ ಶತ್ರುವೂ ಇಲ್ಲ. ಹುಲ್ಲು, ಮರ, ಒಂದು ಸಣ್ಣ ನೀರಿನ ಹರವು. ಜನ ಅಲ್ಲೇ ಅರ್ಧ ಗಂಟೆ ಉರುಳಾಡಿದರು. ನಾನು ಹೇಳಿದ ಖಾಲಿ ಬಯಲಿನ ಪರೀಕ್ಷೆಯನ್ನು ಅವರೇ ಗೇಮ್‌ನ ಬಾಗಿಲಲ್ಲಿ ಇಟ್ಟಿದ್ದರು. ಇನ್ನೊಂದು ಸಣ್ಣ ಉಪಾಯ ನೋಡಿ: ಮಾರಿಯೋ ಎಷ್ಟೇ ಎತ್ತರ ಹಾರಲಿ, ನೆರಳು ಮಾತ್ರ ಅವನ ನೇರ ಕೆಳಗೇ ಬೀಳುತ್ತದೆ. ಸೂರ್ಯ ಎಲ್ಲಿದ್ದಾನೆ ಅನ್ನುವುದು ಲೆಕ್ಕಕ್ಕಿಲ್ಲ. ಎಲ್ಲಿ ಇಳಿಯುತ್ತೇನೆ ಅಂತ ಆಡುವವರಿಗೆ ಗೊತ್ತಾಗಬೇಕು, ಅಷ್ಟೇ. ಆ ಗೇಮ್‌ನ ಕ್ಯಾಮೆರಾ, ಅಂದರೆ ನಮಗೆ ಆಟ ತೋರಿಸುವ ಕಣ್ಣು, ಮಾತ್ರ ಹಠಮಾರಿ. ಗೋಡೆ ಬಂದರೆ ಅದರ ಹಿಂದೆ ಹೋಗಿ ಕೂರುತ್ತದೆ.

ಆಮೇಲಿನದ್ದು ಬೇಗ ಹೇಳುತ್ತೇನೆ. 2007ರ ಮಾರಿಯೋ ಗ್ಯಾಲಕ್ಸಿಯಲ್ಲಿ ನೆಲವನ್ನೇ ಉಂಡೆ ಮಾಡಿ ಕ್ಯಾಮೆರಾ ತಲೆನೋವನ್ನು ಬಹಳ ಮಟ್ಟಿಗೆ ಕಳೆದರು. ಎಷ್ಟು ನಡೆದರೂ ಸುತ್ತಿ ಅಲ್ಲಿಗೇ ಬರುತ್ತೀರಿ, ಕಳೆದುಹೋಗುವ ಮಾತಿಲ್ಲ. 2017ರ ಮಾರಿಯೋ ಒಡಿಸ್ಸಿಯಲ್ಲಿ ಟೋಪಿ ಎಸೆದು ಕಪ್ಪೆಯನ್ನೋ ಡೈನೋಸಾರನ್ನೋ ಹಿಡಿದು ಅದರ ಮೈಯೊಳಗೆ ಹೋಗಬಹುದು. ಮೈಯಲ್ಲಿನ ಚಲನೆ ನೋಡಿದರೆ ಇದುವರೆಗಿನ ಮಾರಿಯೋಗಳಲ್ಲಿ ಇದೇ ನುರಿತದ್ದು. ನನ್ನ ತಕರಾರು ಒಂದಿದೆ. ಹೆಕ್ಕಿಕೊಳ್ಳಬೇಕಾದ 800ಕ್ಕೂ ಹೆಚ್ಚು ಚಂದ್ರಗಳನ್ನು ಮೂಲೆ ಮೂಲೆಗೆ ಹರಡಿಟ್ಟಿದ್ದಾರೆ. ಬೆಂಚಿನ ಮೇಲೆ ಕೂತರೂ ಒಂದು ಚಂದ್ರ. ಮದುವೆ ಮನೆಯಲ್ಲಿ ಎಲೆ ತುಂಬಿದ ಮೇಲೂ ‘ಇನ್ನೊಂದು ಹೋಳಿಗೆ’ ಅಂತ ಬಡಿಸಿದ ಹಾಗೆ. ಸತ್ತರೆ ಲೈಫ್ ಹೋಗುವುದಿಲ್ಲ, ಹತ್ತು ನಾಣ್ಯ ಹೋಗುತ್ತದೆ. ನಿಮಗೆ ಅದು ಸಪ್ಪೆ ಅನ್ನಿಸೀತು. ನನಗೆ ಸರಿ ಅನ್ನಿಸಿತು.

2023ರ ಅಕ್ಟೋಬರ್ 20ರಂದು ಬಂದ ಸೂಪರ್ ಮಾರಿಯೋ ಬ್ರದರ್ಸ್ ವಂಡರ್ ಮತ್ತೆ ಎಡದಿಂದ ಬಲಕ್ಕೆ ಓಡುವ ಗೇಮ್. ಅದರ ಹೊಸ ಐಡಿಯಾಗಳನ್ನು ಪ್ರಯೋಗ ಮಾಡುವ ಹಂತಕ್ಕೆ ಗಡುವೇ ಇಟ್ಟಿರಲಿಲ್ಲ. ಇದನ್ನು ಓದಿ ನನಗೆ ಹೊಟ್ಟೆ ಉರಿಯಿತು. ನಾನು ಕೆಲಸ ಮಾಡಿದ ಕಡೆ ಶುಕ್ರವಾರದ ಗಡುವು ಬುಧವಾರಕ್ಕೇ ಬರುತ್ತಿತ್ತು! ವಂಡರ್‌ನ ಒಂದೊಂದು ಲೆವೆಲ್‌ನಲ್ಲಿ ಒಂದೊಂದು ಹುಚ್ಚು: ಪೈಪುಗಳು ಹುಳುವಿನ ಹಾಗೆ ತೆವಳುತ್ತವೆ, ಹೂಗಳು ಹಾಡುತ್ತವೆ. ಆದರೆ ಅಡಿಯಲ್ಲಿ ಇರುವುದು 1985ರ ಅದೇ ಜಿಗಿತ. ಸಮಯದ ಗಡಿಯಾರ ತೆಗೆದಿದ್ದಾರೆ. ಯೋಶಿಯನ್ನೋ ನ್ಯಾಬಿಟ್‌ನನ್ನೋ ಆರಿಸಿಕೊಂಡರೆ ಶತ್ರು ತಾಗಿದರೂ ಏನೂ ಆಗುವುದಿಲ್ಲ, ಹೊಂಡಕ್ಕೆ ಬೀಳದಿದ್ದರೆ ಸಾಕು. ನಾಲ್ಕು ಜನ ಒಟ್ಟಿಗೆ ಆಡುವಾಗ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದೂ ಇಲ್ಲ. ಮನೆಯ ಜಗಳ ಎಷ್ಟು ಕಡಿಮೆಯಾಗುತ್ತದೆ ನೋಡಿ.

ಈಗ ನಿಮ್ಮ ಮಗನ ಕಡೆಯವನು.

ಸೋನಿಕ್ ಹುಟ್ಟಿದ್ದು 1991ರ ಜೂನ್‌ನಲ್ಲಿ, ಸೆಗಾ ಕಂಪನಿಯ ಮೆಗಾ ಡ್ರೈವ್‌ಗೆ. ಸೆಗಾಗೆ ಮೊದಲು ಅಲೆಕ್ಸ್ ಕಿಡ್ ಅನ್ನುವ ಮ್ಯಾಸ್ಕಾಟ್ ಇದ್ದ, ಮಾರಿಯೋ ಮುಂದೆ ನಡೆಯಲಿಲ್ಲ. ಈ ಸಲ ನಾವೋಟೋ ಓಶಿಮಾ ಚಿತ್ರ ಬರೆದರು, ಯೂಜಿ ನಾಕಾ ಪ್ರೋಗ್ರಾಮ್ ಮಾಡಿದರು, ಹಿರೋಕಾಜು ಯಾಸುಹಾರಾ ಲೆವೆಲ್ ಕಟ್ಟಿದರು. ಮೈಯ ನೀಲಿ ಸೆಗಾ ಲೋಗೋದ ನೀಲಿ. ಅಮೆರಿಕದಲ್ಲಿ ಆ ಕನ್ಸೋಲ್ (ಗೇಮ್ ಯಂತ್ರ) ಜೊತೆಗೇ ಸೋನಿಕ್ ಕ್ಯಾಸೆಟ್ ಇಟ್ಟು ಮಾರಿದರು. ನಿಂಟೆಂಡೋಗೆ ನಿಜವಾಗಿಯೂ ಬೆವರು ಬಂತು.

ಅವನ ಬಟನ್ ಯಾವುದು? ಬೇಗ ಓಡುವುದು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಹಳೇ ಸೋನಿಕ್‌ನಲ್ಲಿ ವೇಗ ಬಟನ್‌ನಲ್ಲಿ ಇರಲಿಲ್ಲ, ನೆಲದಲ್ಲಿತ್ತು. ಇಳಿಜಾರಿನಲ್ಲಿ ಉಂಡೆಯಾಗಿ ಉರುಳಿದರೆ ವೇಗ ಏರುತ್ತದೆ. ಏರಿನಲ್ಲಿ ಇಳಿಯುತ್ತದೆ. ಆ ವೇಗವನ್ನು ಕಳೆದುಕೊಳ್ಳದೆ ಮುಂದಿನ ದಿಬ್ಬಕ್ಕೆ ದಾಟಿಸುವುದೇ ಆಟ. ಚೆನ್ನಾಗಿ ಆಡಿದವರಿಗೆ ಮೇಲಿನ ದಾರಿ, ತಪ್ಪಿದವರಿಗೆ ಕೆಳಗಿನ ನಿಧಾನದ ದಾರಿ. ಉಂಗುರದ ಲೆಕ್ಕವೂ ಜಾಣತನದ್ದೇ. ಕೈಯಲ್ಲಿ ಒಂದೇ ಒಂದು ಉಂಗುರ ಇದ್ದರೂ ಪೆಟ್ಟು ತಿಂದಾಗ ಸಾಯುವುದಿಲ್ಲ. ಇದ್ದದ್ದೆಲ್ಲ ಚೆಲ್ಲುತ್ತದೆ, ಓಡಿ ಹೆಕ್ಕಿಕೊಳ್ಳಬೇಕು. ಜೋರಾಗಿ ಓಡುವವರು ಎದುರಿಗೆ ಏನಿದೆ ಅಂತ ನೋಡಲಾರರು, ಅವರಿಗೆ ಕ್ಷಮೆ ಬೇಕು ಅಂತ ಆ ತಂಡಕ್ಕೆ ಗೊತ್ತಿತ್ತು.

ಹೀಗೆ ಹೇಳಿದ ಮೇಲೆ ಮಗ ಕೇಳಲು ಇಷ್ಟಪಡದ ಒಂದು ಮಾತು. ಆ ಮೊದಲ ಗೇಮ್ ಕೂಡ ಪೂರ್ತಿ ವೇಗದ್ದಲ್ಲ. ಗ್ರೀನ್ ಹಿಲ್ ದಾಟಿದ ಕೂಡಲೇ ಮಾರ್ಬಲ್ ಝೋನ್ ಬರುತ್ತದೆ. ಅಲ್ಲಿ ಲಾವಾದ ಮೇಲೆ ತೇಲುವ ಕಲ್ಲಿನ ಮೇಲೆ ನಿಂತು ಬಸ್ಸಿಗೆ ಕಾದ ಹಾಗೆ ಕಾಯಬೇಕು. ಮುಂದೆ ನೀರೊಳಗಿನ ಲ್ಯಾಬಿರಿಂತ್ ಝೋನ್, ಅಲ್ಲಿ ಸೋನಿಕ್ ಕೆಸರಲ್ಲಿ ನಡೆದ ಹಾಗೆ ನಡೆಯುತ್ತಾನೆ. 1992ರ ಸೋನಿಕ್ 2ರಲ್ಲೇ ಇದು ಸರಿಯಾಗಿದ್ದು. ಅಂದ ಹಾಗೆ, ಯುರೋಪಿನ ಟಿವಿಗಳು ಸೆಕೆಂಡಿಗೆ 50 ಚಿತ್ರದವು. ಅಲ್ಲಿ ಮಾರಿದ ಮೆಗಾ ಡ್ರೈವ್‌ನಲ್ಲಿ ಸೋನಿಕ್ ಸುಮಾರು ಆರನೇ ಒಂದು ಭಾಗ ನಿಧಾನವಾಗಿ ಓಡುತ್ತಿದ್ದ. ಪ್ರಪಂಚದ ಅತಿ ವೇಗದ ಪ್ರಾಣಿ ಅಂತ ಮಕ್ಕಳು ಕುಣಿದಿದ್ದು ಅದನ್ನೇ ನೋಡಿ.

ಸೋನಿಕ್‌ನನ್ನು ನನ್ನ ಖಾಲಿ ಬಯಲಿಗೆ ಬಿಡಿ. ಎರಡು ನಿಮಿಷ ಓಡುತ್ತಾನೆ, ಆಮೇಲೆ ಏನು? ಮಾಡಲು ಏನೂ ಇಲ್ಲ. ನಿಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬಳದ ಕೋಣದ ಗತ್ತು ಇರುವುದು ಕರೆಯಲ್ಲಿ, ಅಂದರೆ ಅದು ಓಡುವ ಕೆಸರಿನ ಅಂಕಣದಲ್ಲಿ. ಆ ಕೆಸರು, ಆ ನೀರು, ಆ ಉದ್ದ ಎಲ್ಲ ಸೇರಿಯೇ ಅದು ಕಂಬಳದ ಕೋಣ. ಅದೇ ಕೋಣವನ್ನು ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಅದಕ್ಕೂ ಕಷ್ಟ, ನಿಮಗೂ ಕಷ್ಟ. ಸೋನಿಕ್‌ನಲ್ಲಿ ಅರ್ಧ ಅವನು, ಇನ್ನರ್ಧ ಅವನ ಕರೆ.

ಹೊಸ ಕನ್ಸೋಲ್‌ಗಳು ಅವನಿಗೆ ಯಾಕೆ ಪೆಟ್ಟು ಕೊಟ್ಟವು ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ಹಳೇ ಗೇಮ್‌ನಲ್ಲಿ ರಸ್ತೆ ಅಗ್ಗ. ಸಣ್ಣ ಸಣ್ಣ ಚೌಕದ ತುಂಡುಗಳನ್ನು ಮತ್ತೆ ಮತ್ತೆ ಜೋಡಿಸಿದರೆ ಆಯಿತು. ಈಗಿನ ರಸ್ತೆಯಲ್ಲಿ ಪ್ರತಿ ಮರ, ಕಲ್ಲು, ಕಂಬವನ್ನು ಯಾರೋ ಕೂತು ಮಾಡಬೇಕು. ಇಂಥ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆಯುತ್ತದೆ. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಹೊರದೇಶದ ಗೇಮ್‌ಗಳಿಗೆ ಕಾರು ಮುಂತಾದವನ್ನು ಮಾಡಿಕೊಡುತ್ತಿತ್ತು, 2019ರಲ್ಲಿ ರಾಕ್‌ಸ್ಟಾರ್ ಪಾಲಾಯಿತು. ನಡೆದು ಹೋಗುವ ಗೊಂಬೆಗೆ ನೂರು ಮೀಟರ್ ದಾರಿ ಮಾಡಿಕೊಟ್ಟರೆ ಒಂದೆರಡು ನಿಮಿಷದ ಆಟ ಸಿಗುತ್ತದೆ. ಸೋನಿಕ್ ಅದನ್ನು ಎರಡು ಸೆಕೆಂಡಿನಲ್ಲಿ ನುಂಗುತ್ತಾನೆ. ಒಂದು ವಾರದ ಕೆಲಸ, ಎರಡು ಸೆಕೆಂಡಿನ ಆಟ! ಹಾಗಾಗಿ ಕಂಪನಿಗಳು ಬೇರೆ ದಾರಿ ಹಿಡಿದವು. ಸ್ನೇಹಿತರ ಪಾತ್ರ ತುಂಬಿಸುವುದು, ಮೀನು ಹಿಡಿಸುವುದು, ಕತ್ತಿ ಕೊಡುವುದು. ಓಟದ ಜಾಗದಲ್ಲಿ ಓಟವನ್ನೇ ಸಿನಿಮಾ ಥರ ಮಾಡಿ, ಸ್ಟಿಕ್ ಮುಂದಕ್ಕೆ ಒತ್ತಿ ಹಿಡಿದರೆ ಸಾಕು ಅನ್ನುವ ಹಾಗೆ ಮಾಡುವುದು.

2006ರ ಸೋನಿಕ್ ಇದರ ತಳ. ಎಕ್ಸ್‌ಬಾಕ್ಸ್ 360ಕ್ಕೂ ಪ್ಲೇಸ್ಟೇಷನ್ 3ಕ್ಕೂ ಬಂದಿದ್ದು. ನಡುವೆಯೇ ನಾಕಾ ಬಿಟ್ಟುಹೋದರು. ತಂಡವನ್ನು ಒಡೆದು ಒಂದಷ್ಟು ಜನರನ್ನು ವೀ ಕನ್ಸೋಲ್‌ನ ಇನ್ನೊಂದು ಸೋನಿಕ್‌ಗೆ ಕಳಿಸಿದರು. ಹಬ್ಬದ ಮಾರಾಟಕ್ಕೆ ಮುಟ್ಟಿಸಬೇಕಿತ್ತು, ಅರೆಬೆಂದದ್ದನ್ನೇ ಬಡಿಸಿದರು. ಊರಿನವನೊಬ್ಬ ಒಂದು ಕೆಲಸ ಹೇಳಲು ಬಾಯಿ ತೆರೆಯುವ ಮೊದಲು ಲೋಡಿಂಗ್, ಹೇಳಿದ ಮೇಲೆ ಮತ್ತೆ ಲೋಡಿಂಗ್. ಸೋನಿಕ್ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಿದ್ದ. ಹತ್ತು ವರ್ಷ ಹಿಂದಿನ ಮಾರಿಯೋ 64ಕ್ಕಿಂತ ಎಷ್ಟೋ ಪಟ್ಟು ಶಕ್ತಿಯ ಯಂತ್ರದಲ್ಲಿ!

2017 ನನಗೆ ಇನ್ನೂ ಇಷ್ಟದ ಉದಾಹರಣೆ. ಒಂದೇ ವರ್ಷ ಎರಡು ಸೋನಿಕ್ ಬಂದವು. ಆಗಸ್ಟ್‌ನಲ್ಲಿ ಸೋನಿಕ್ ಮೇನಿಯಾ. ಕ್ರಿಶ್ಚಿಯನ್ ವೈಟ್‌ಹೆಡ್ ಮತ್ತವರ ಜೊತೆಗಾರರು ಮೂಲತಃ ಅಭಿಮಾನಿಗಳು, ಹಳೇ ಸೋನಿಕ್‌ನ ಒಂದೊಂದು ಇಳಿಜಾರನ್ನೂ ಬಿಚ್ಚಿ ಜೋಡಿಸಿದವರು. ಚೌಕ ಚುಕ್ಕಿಗಳ ಚಿತ್ರವೇ, ಆದರೆ ಉರುಳುವಾಗ ಹೊಟ್ಟೆಯಲ್ಲಿ ಕಚಗುಳಿ. ನವೆಂಬರ್‌ನಲ್ಲಿ ಸೆಗಾದ ದೊಡ್ಡ ತಂಡದ ಸೋನಿಕ್ ಫೋರ್ಸಸ್. ಫಳಫಳ ಚಿತ್ರ, ಒಂದೆರಡು ನಿಮಿಷಕ್ಕೇ ಮುಗಿಯುವ ಲೆವೆಲ್‌ಗಳು, ಆಡಿದ ನೆನಪೂ ಉಳಿಯುವುದಿಲ್ಲ. ‘ಚೌಕ ಚೌಕ’ ಅಂತ ನಗುವ ನಿಮ್ಮ ಮಗನಿಗೆ ಇವೆರಡನ್ನೂ ಒಂದರ ಪಕ್ಕ ಒಂದಿಟ್ಟು ಆಡಿಸಿ.

2022ರ ಸೋನಿಕ್ ಫ್ರಂಟಿಯರ್ಸ್‌ನಲ್ಲಿ ಕೊನೆಗೂ ಖಾಲಿ ಬಯಲಿಗೇ ಬಿಟ್ಟರು. ದೊಡ್ಡ ದ್ವೀಪಗಳು, ಮೇಲೆ ಆಕಾಶದಲ್ಲಿ ಸುಮ್ನೆ ತೇಲುವ ಕಂಬಿಗಳು. ಓಡುವುದು ಚೆನ್ನಾಗಿದೆ, ನೋಡಲು ವಿಚಿತ್ರ. ಯಾರೋ ಬೆಟ್ಟದ ಮೇಲೆ ರೈಲು ಹಳಿ ಮರೆತುಹೋದ ಹಾಗೆ. ಸೋನಿಕ್ ಎಷ್ಟು ಬೇಗ ತಿರುಗಬೇಕು, ಎಷ್ಟು ವೇಗ ಇರಬೇಕು ಅಂತ ನಾವೇ ಸೆಟ್ಟಿಂಗ್‌ನಲ್ಲಿ ತಿದ್ದಿಕೊಳ್ಳಬಹುದು. ಅದು ಒಳ್ಳೆಯ ಸೌಲಭ್ಯವೇ. ಆದರೆ 31 ವರ್ಷ ಆದ ಮೇಲೂ ‘ಉಪ್ಪು ಎಷ್ಟು ಬೇಕೋ ನೀವೇ ಹಾಕಿಕೊಳ್ಳಿ’ ಅನ್ನುವ ಅಡುಗೆಯವನನ್ನು ನೋಡಿದರೆ ನನಗೆ ಸ್ವಲ್ಪ ಅನುಮಾನ. ಮಾರಿಯೋ ವಂಡರ್‌ಗಿಂತ ಮೂರೇ ದಿನ ಮುಂಚೆ ಸೋನಿಕ್ ಸೂಪರ್‌ಸ್ಟಾರ್ಸ್ ಬಂತು, ಓಶಿಮಾ ಕೂಡ ಕೈಜೋಡಿಸಿದ್ದು. ಮೈ ಚೆನ್ನಾಗಿದೆ, ಉರುಳು ಸರಿ ಇದೆ. ಕೊನೆಯ ಬಾಸ್‌ಗಳ (ದೊಡ್ಡ ಶತ್ರುಗಳ) ಮುಂದೆ ಮಾತ್ರ ಓಡುವವನನ್ನು ನಿಲ್ಲಿಸಿ ಕಾಯಿಸುತ್ತಾರೆ. ಮತ್ತೆ ಅದೇ ಮಾರ್ಬಲ್ ಝೋನ್ ಚಾಳಿ.

ಮೂರನೆಯವನೊಬ್ಬನನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಕ್ರ್ಯಾಶ್ ಬ್ಯಾಂಡಿಕೂಟ್. 1996ರಲ್ಲಿ ಸೋನಿ ಕಂಪನಿಯ ಮೊದಲ ಪ್ಲೇಸ್ಟೇಷನ್‌ಗೆ ನಾಟಿ ಡಾಗ್ ಕಂಪನಿ ಮಾಡಿದ್ದು. ಆಗಿನ ಪ್ಲೇಸ್ಟೇಷನ್ ರಿಮೋಟಿಗೆ ತಿರುಗಿಸುವ ಸ್ಟಿಕ್ ಇರಲಿಲ್ಲ, ಯಂತ್ರಕ್ಕೆ ನೆನಪಿನ ಶಕ್ತಿ 2 ಮೆಗಾಬೈಟ್. ವಿಶಾಲವಾದ ಲೋಕ ಕಟ್ಟುವ ಹಾಗಿಲ್ಲ. ಅದಕ್ಕೇ ಕಾಡಿನ ನಡುವೆ ಓಣಿಯಂಥ ಒಂದು ದಾರಿ ಮಾಡಿ ಕ್ರ್ಯಾಶ್‌ನನ್ನು ಬೆನ್ನಿನ ಕಡೆಯಿಂದ ತೋರಿಸಿದರು. ಓಣಿ ಕಿರಿದಾದ್ದರಿಂದ ಇದ್ದ ಶಕ್ತಿಯನ್ನೆಲ್ಲ ಅದರ ಎಲೆ ಬಳ್ಳಿಗೆ ಸುರಿಯಲು ಆಯಿತು. ಮುಂದೆ ಯಂತ್ರಗಳು ದೊಡ್ಡದಾದವು, ಓಣಿಗೆ ಕಾರಣವೇ ಉಳಿಯಲಿಲ್ಲ. 2017ರಲ್ಲಿ ಮೂರೂ ಹಳೇ ಗೇಮ್‌ಗಳನ್ನು ಹೊಸದಾಗಿ ಬರೆದು ಮಾರಿದರು. ಕೂದಲು ಕೂದಲೂ ಕಾಣುತ್ತದೆ. ಆದರೆ ಹಾರಿ ಅಂಚಿಗೆ ಬಂದರೆ ಕಾಲು ಜಾರುತ್ತದೆ, ಹಳೆಯದಕ್ಕಿಂತ ಬೇಗ ಕೆಳಗೆ ಬೀಳುತ್ತಾನೆ. ಹಳೇ ಲೆವೆಲ್, ಹೊಸ ಜಿಗಿತ. ಎರಡಕ್ಕೂ ಜಾತಕ ಕೂಡಲಿಲ್ಲ. ಇನ್ನೊಂದು ತಮಾಷೆ: ಸೋನಿಯ ಮುಖ ಅಂತ ಎಲ್ಲರೂ ಅಂದುಕೊಂಡಿದ್ದ ಕ್ರ್ಯಾಶ್ ಸೋನಿಯ ಸ್ವತ್ತೇ ಆಗಿರಲಿಲ್ಲ. ಕೈ ಬದಲಾಗಿ ಬದಲಾಗಿ 2023ರಲ್ಲಿ ಆಕ್ಟಿವಿಷನ್ ಜೊತೆ ಮೈಕ್ರೋಸಾಫ್ಟ್ ಮನೆ ಸೇರಿದ್ದಾನೆ.

ಸೋನಿಗೆ ಈಗ ನಿಜವಾದ ಸ್ವಂತ ಗೊಂಬೆ ಸಿಕ್ಕಿದೆ: ಆಸ್ಟ್ರೋ ಬಾಟ್. 2020ರಲ್ಲಿ ಪ್ಲೇಸ್ಟೇಷನ್ 5ರ ಜೊತೆಗೇ ಪುಕ್ಕಟೆ ಬಂತು, 2024ರಲ್ಲಿ ದೊಡ್ಡ ಗೇಮ್ ಆಗಿ ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಗೇಮ್ ಆಯಿತು. ಮರಳಿನ ಮೇಲೆ ನಡೆದರೆ ಕೈಯಲ್ಲಿರುವ ರಿಮೋಟ್ ಮರಳಿನ ಹಾಗೆ ಕರಕರ ಅನ್ನುತ್ತದೆ, ಗಾಜಿನ ಮೇಲೆ ಕಟಕಟ. ಹೊಸ ಯಂತ್ರ ಬಂದಿದ್ದಕ್ಕೆ ಹೊಸ ಆಟ ಅಂದರೆ ಇದು.

ಹಾಗಾದರೆ ಒಟ್ಟಿನಲ್ಲಿ ಸುಧಾರಿಸಿವೆಯಾ ಅಂತ ಕೇಳಿದಿರಿ. ಕೆಲವು ವಿಷಯಗಳಲ್ಲಿ ಹೊಸ ಯಂತ್ರಗಳು ಕಳೆದುಹೋದದ್ದನ್ನು ವಾಪಸ್ ಕೊಟ್ಟಿವೆ, ಅಷ್ಟೇ. ಹಿಂದೆ ಕ್ಯಾಸೆಟ್ ಹಾಕಿ ಬಟನ್ ಒತ್ತಿದರೆ ತಕ್ಷಣ ಗೇಮ್ ಬರುತ್ತಿತ್ತು. ನಡುವೆ ಸಿಡಿ, ಡಿವಿಡಿ ಕಾಲದಲ್ಲಿ ಲೋಡಿಂಗ್ ನೋಡುತ್ತಾ ಕೂತೆವು. ಈಗ ಮತ್ತೆ ತಕ್ಷಣ ಬರುತ್ತದೆ. ಕಣ್ಣಿಗೆ ಕಾಣದ ಕೆಲವು ಸುಧಾರಣೆಗಳು ನನಗೆ ಗ್ರಾಫಿಕ್ಸ್‌ಗಿಂತ ದೊಡ್ಡವು. 2018ರ ಸೆಲೆಸ್ಟ್ ಅನ್ನುವ ಗೇಮ್‌ನಲ್ಲಿ, ಅಂಚು ದಾಟಿ ಒಂದು ಕ್ಷಣ ಗಾಳಿಯಲ್ಲಿದ್ದರೂ ಜಂಪ್ ಬಟನ್ ಕೆಲಸ ಮಾಡುತ್ತದೆ. ನೆಲ ಮುಟ್ಟುವ ಮೊದಲೇ ಒತ್ತಿದರೂ ನೆನಪಿಟ್ಟುಕೊಂಡು ಮುಟ್ಟಿದ ಕೂಡಲೇ ಹಾರುತ್ತದೆ. ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ‘ನಾನು ಚೆನ್ನಾಗಿ ಆಡ್ತೀನಿ’ ಅನ್ನಿಸುತ್ತದೆ.

ಕೆಟ್ಟದ್ದೂ ಇದೆ. ಕ್ಯಾಸೆಟ್ ಕಾರ್ಖಾನೆಯಿಂದ ಹೊರಟ ಮೇಲೆ ತಿದ್ದುವ ಹಾಗಿರಲಿಲ್ಲ, ಅದಕ್ಕೆ ಹೆದರಿ ಮುಗಿಸಿಯೇ ಕಳಿಸುತ್ತಿದ್ದರು. ಈಗ ಅಪ್‌ಡೇಟ್ ಇದೆಯಲ್ಲ ಅನ್ನುವ ಧೈರ್ಯ. ನಾನೇ ಕೆಲಸ ಮಾಡಿದ ಒಂದು ಗೇಮ್‌ನಲ್ಲಿ ಮೂರನೇ ಲೆವೆಲ್‌ನ ಬಾಗಿಲು ತೆರೆಯುವುದಿಲ್ಲ ಅಂತ ಗೊತ್ತಿದ್ದೂ ಬಿಡುಗಡೆ ಮಾಡಿದರು, ‘ಸೋಮವಾರ ಸರಿ ಮಾಡೋಣ’ ಅಂತ. ಭಾನುವಾರ ಪೂರ್ತಿ ಬೈಗುಳ ಓದಿದೆ. ಇನ್ನೊಂದು, 2020ರಲ್ಲಿ ನಿಂಟೆಂಡೋ ಮಾರಿಯೋ 64, ಸನ್‌ಶೈನ್, ಗ್ಯಾಲಕ್ಸಿ ಮೂರನ್ನೂ ಸೇರಿಸಿ ಒಂದು ಕಟ್ಟು ಮಾರಿತು. 2021ರ ಮಾರ್ಚ್ 31ಕ್ಕೆ ಮಾರಾಟ ಬಂದ್. ಅಂಗಡಿಯಲ್ಲಿ ಸರಕಿದೆ, ಗಿರಾಕಿ ಇದ್ದಾರೆ, ಆದರೂ ಬೇಕೆಂದೇ ಷಟರ್ ಎಳೆಯುವುದು. ಅಂಗಡಿ ಇಟ್ಟವರು ನೀವು, ಇದಕ್ಕೆ ಏನಂತೀರೋ?

ಕ್ಯಾಸೆಟ್ ಬಾಯಿಗೆ ಊದುತ್ತಿದ್ದೆವು ಅಂತ ನೀವು ಮಗನಿಗೆ ಖಂಡಿತ ಹೇಳಿರುತ್ತೀರಿ. ಊದಿದ್ದರಿಂದ ಉಪಯೋಗ ಆಗುತ್ತಿರಲಿಲ್ಲ. ತೆಗೆದು ಮತ್ತೆ ಸಿಕ್ಕಿಸುವಾಗ ತಗಡು ಸರಿಯಾಗಿ ಕೂರುತ್ತಿತ್ತು. ಉಗುಳಿನ ತೇವಕ್ಕೆ ಆ ತಗಡು ಕಿಲುಬು ಹಿಡಿಯುತ್ತಿತ್ತು, ಅಷ್ಟೇ ಲಾಭ.

ನನ್ನ ತೀರ್ಪು ಬೇಕು ತಾನೆ? ಗೊಂಬೆಗಳಲ್ಲಿ ಮಾರಿಯೋ ಮೇಲು. ಅವನ ಜಿಗಿತಕ್ಕೆ ಯಾವ ನೆಲವಾದರೂ ಆದೀತು, ಹಾಗಾಗಿ ಪ್ರತಿ ಹೊಸ ಯಂತ್ರ ಅವನಿಗೆ ಲಾಭವೇ ಆಯಿತು. ಅಲ್ಲಿ ಗೆದ್ದಿರಿ. ಆದರೆ ‘ಈಗಿನದ್ದು ಬರೀ ಬಣ್ಣ’ ಅಂದಿರಲ್ಲ, ಅಲ್ಲಿ ಸೋತಿರಿ. 1985ರದ್ದಕ್ಕಿಂತ ವಂಡರ್ ಒಳ್ಳೆಯ ಗೇಮ್. ನೀವೇ ಆಡಿ ನೋಡಿ ಆಮೇಲೆ ಜಗಳಕ್ಕೆ ಬನ್ನಿ. ಮಗನಿಗೆ ಹೇಳಿ, ಸೋನಿಕ್‌ನ ಒಳ್ಳೆಯ ದಿನಗಳು ಮಾರಿಯೋನ ಒಳ್ಳೆಯ ದಿನಗಳಷ್ಟೇ ಚೆಂದ, ಸಂಖ್ಯೆಯಲ್ಲಿ ಮಾತ್ರ ಕಡಿಮೆ. ಅವನು ನೋಡಿ ನಗುವ ಆ ಚೌಕ ಚೌಕದ ಕಾಲದಲ್ಲೇ ಅವು ಜಾಸ್ತಿ.

ಸೋನಿಕ್ ಮೇನಿಯಾ ಸ್ವಿಚ್‌ಗೂ ಇದೆ. ಅದರಲ್ಲಿ ಇಬ್ಬರು ಒಟ್ಟಿಗೆ ಆಡಬಹುದು, ಒಬ್ಬರು ಸೋನಿಕ್, ಇನ್ನೊಬ್ಬರು ಅವನ ಹಿಂದೆ ಓಡುವ ನರಿ ಟೇಲ್ಸ್. ಟೇಲ್ಸ್ ಎಷ್ಟು ಸಲ ಸತ್ತರೂ ಹಾರಿಕೊಂಡು ವಾಪಸ್ ಬರುತ್ತಾನೆ. ಮೊದಲ ವಾರ ಆ ರಿಮೋಟ್ ನೀವು ಹಿಡಿಯಿರಿ. ಗೇಮ್ ಮೋಡ್ ಆನ್ ಮಾಡುವುದನ್ನು ಮರೆಯಬೇಡಿ.